ಪಟ್ಟಿಯೊಳಗಿನ ಆಪತ್ತು, ಪಟ್ಟಿಯಾಚೆಯ ಮನುಷ್ಯ: ಕೆಲವು ಟಿಪ್ಪಣಿಗಳು

ವಿಪತ್ತು ನಿರ್ವಹಣಾ ಕಾಯ್ದೆ, 2005. ಸುನಾಮಿ ಬಂದುಹೋದ ಮರುವರ್ಷ ಡಿಸೆಂಬರಿನಲ್ಲಿ ಬಂದ ಕಾನೂನು. ವಿಪತ್ತು ಎಂದರೆ ಯಾವುದು ಎಂದು ಅದರ 2ನೇ ಕಲಂ ಹೇಳುತ್ತದೆ. ಜೀವ ಹೋಗಬೇಕು, ಇಲ್ಲವೆ ಜನ ಸಂಕಟಪಡಬೇಕು, ಇಲ್ಲವೆ ಆಸ್ತಿಪಾಸ್ತಿಗೋ ಪರಿಸರಕ್ಕೋ ಪೆಟ್ಟು ಬೀಳಬೇಕು. ಇಷ್ಟಾದರೂ ಸಾಲದು. ಬಂದದ್ದು ಆ ಜಾಗದ ಜನರ ತಾಳಿಕೆಯ ಶಕ್ತಿಯನ್ನು ಮೀರಿದ್ದಾಗಿರಬೇಕು.

ಮಳೆಯನ್ನು ಮಿಲಿಮೀಟರಿನಲ್ಲಿ ಅಳೆಯುತ್ತಾರೆ, ಹೊಳೆಯ ನೀರನ್ನು ಕ್ಯುಸೆಕ್ಕಿನಲ್ಲಿ. ತಾಳಿಕೆಯನ್ನು ಯಾವುದರಲ್ಲಿ ಅಳೆಯುವುದು? ನನ್ನ ಅನುಭವದಲ್ಲಿ ಬಡವರ ತಾಳಿಕೆ ಬಲು ದೊಡ್ಡದು. ಮೂರು ದಿನ ನೀರಲ್ಲಿ ನಿಂತ ಮನೆಯನ್ನು ನಾಲ್ಕನೇ ದಿನ ಗುಡಿಸಿ, ಸಾರಿಸಿ, ಒಲೆ ಹಚ್ಚಿಬಿಡುತ್ತಾರೆ. ಐದನೇ ದಿನ ಸಮೀಕ್ಷೆಗೆ ಬಂದವರಿಗೆ ಅಲ್ಲಿ ವಿಪತ್ತೇ ಕಾಣುವುದಿಲ್ಲ. ಹೆಚ್ಚು ತಾಳಿಕೊಂಡವನಿಗೆ ಕಡಿಮೆ ನೆರವು ಎಂದೇನೂ ಕಾಯ್ದೆ ಹೇಳಿಲ್ಲ, ನಿಜ. ಆದರೂ ಈ ವ್ಯಾಖ್ಯೆಯನ್ನು ಓದಿದ ಮೇಲೆ ಮನಸ್ಸಿಗೆ ಸಮಾಧಾನವಿಲ್ಲ.

*

ಇದನ್ನೆಲ್ಲ ನಾನು ಓದತೊಡಗಿದ್ದು ಅಕ್ಕನ ಮಗಳ ದೆಸೆಯಿಂದ. ಅವಳು ಸಾರ್ವಜನಿಕ ಆಡಳಿತದಲ್ಲಿ ಎಂ.ಎ. ಮಾಡುತ್ತಿದ್ದಾಳೆ. ಬಿಕ್ಕಟ್ಟು ನಿರ್ವಹಣೆ ಮತ್ತು ಮಾನವ ಭದ್ರತೆ ಅಂತ ಒಂದು ಪತ್ರಿಕೆ ಇದೆಯಂತೆ. ಪರೀಕ್ಷೆ ಅವಳದು, ತಲೆಬಿಸಿ ನನ್ನದು.

"ಮಾವ, ಏಳು ಬರೆದರೆ ಆಯ್ತು, ಫುಲ್ ಮಾರ್ಕ್ಸ್" ಅಂದಳು.

ಏಳು ಎಂದರೆ ವಿಶ್ವಸಂಸ್ಥೆಯ 1994ರ ಮಾನವ ಅಭಿವೃದ್ಧಿ ವರದಿಯಲ್ಲಿ ಬರುವ ಏಳು ಭದ್ರತೆಗಳು: ಆರ್ಥಿಕ, ಆಹಾರ, ಆರೋಗ್ಯ, ಪರಿಸರ, ವೈಯಕ್ತಿಕ, ಸಮುದಾಯ, ರಾಜಕೀಯ. ಆ ವರದಿಯ ಹಿಂದಿದ್ದವರು ಪಾಕಿಸ್ತಾನದ ಅರ್ಥಶಾಸ್ತ್ರಜ್ಞ ಮಹಬೂಬ್ ಉಲ್ ಹಕ್. ಶೀತಲ ಸಮರ ಆಗಷ್ಟೇ ಮುಗಿದಿತ್ತು. ಗಡಿಯನ್ನು ಕಾಯುವುದೇ ಭದ್ರತೆಯೆಂದು ಲೋಕವೆಲ್ಲ ನಂಬಿದ್ದಾಗ, ಗಡಿಯ ಒಳಗಿರುವ ಮನುಷ್ಯನ ಹೊಟ್ಟೆ, ಮೈ, ಮರ್ಯಾದೆಗಳ ಗತಿಯೇನು ಎಂದು ಆ ವರದಿ ಕೇಳಿತು. ಮುಂದೆ ಜಪಾನಿನ ಸಡಾಕೊ ಒಗಾಟಾ ಮತ್ತು ನಮ್ಮ ಅಮರ್ತ್ಯ ಸೇನ್ ಜೊತೆಯಾಗಿ ನಡೆಸಿದ ಆಯೋಗ 2003ರಲ್ಲಿ ಇದೇ ಮಾತನ್ನು ಬೆಳೆಸಿತು.

ಒಪ್ಪಿದೆ. ಈಗ ತಾಲ್ಲೂಕು ಕೇಂದ್ರಕ್ಕೆ ಬನ್ನಿ. ಆಹಾರದ್ದಕ್ಕೆ ಆಹಾರ ಶಿರಸ್ತೇದಾರರು. ಆರೋಗ್ಯದ್ದಕ್ಕೆ ತಾಲ್ಲೂಕು ಆರೋಗ್ಯಾಧಿಕಾರಿ, ಅವರ ಕಚೇರಿ ಬೇರೆ ಬೀದಿಯಲ್ಲಿ. ಮೈಮೇಲೆ ಯಾರಾದರೂ ಕೈ ಮಾಡಿದರೆ ಠಾಣೆ. ಗುಡ್ಡ ಕುಸಿದರೆ ಕಂದಾಯ ಇಲಾಖೆ, ಕುಸಿದದ್ದು ರಸ್ತೆಯ ಮೇಲಾದರೆ ಲೋಕೋಪಯೋಗಿ, ಆ ರಸ್ತೆ ರಾಷ್ಟ್ರೀಯ ಹೆದ್ದಾರಿಯಾದರೆ ಅದೂ ಅಲ್ಲ. ಮನುಷ್ಯ ಮಾತ್ರ ಒಬ್ಬನೇ. ಏಳು ಅರ್ಜಿ ಬರೆದುಕೊಂಡು ಏಳು ಕಡೆ ನಿಲ್ಲುವವನೂ ಅವನೇ.

*

ಯುರೋಪಿನವರ ಪಾಠ ಬೇರೆ ತರಹ. 2000ದ ಜೂನಿನಲ್ಲಿ ಪೋರ್ಚುಗಲ್‌ನ ಫೇರಾ ಎಂಬಲ್ಲಿ ಸೇರಿದ ಐರೋಪ್ಯ ಒಕ್ಕೂಟದ ನಾಯಕರು ನಾಗರಿಕ ಬಿಕ್ಕಟ್ಟು ನಿರ್ವಹಣೆಗೆ ನಾಲ್ಕು ಕೆಲಸ ಗೊತ್ತುಮಾಡಿದರು: ಪೊಲೀಸ್, ನ್ಯಾಯ ವ್ಯವಸ್ಥೆ, ನಾಗರಿಕ ಆಡಳಿತ, ನಾಗರಿಕ ರಕ್ಷಣೆ. ಸೈನಿಕರನ್ನಲ್ಲ, ಪೊಲೀಸರನ್ನೂ ನ್ಯಾಯಾಧೀಶರನ್ನೂ ಗುಮಾಸ್ತರನ್ನೂ ಕಳಿಸಿ ಬೇರೆ ದೇಶದ ಜಗಳ ತಣಿಸುವ ಲೆಕ್ಕಾಚಾರ ಅದು. ಫಿನ್ಲೆಂಡಿನವರು ಇದಕ್ಕೆಂದೇ ಕುವೋಪಿಯೋ ಊರಿನಲ್ಲಿ ತರಬೇತಿ ಕೇಂದ್ರ ಇಟ್ಟುಕೊಂಡಿದ್ದಾರೆ.

ಪಟ್ಟಿಯಲ್ಲಿ ಅವರು ಮೊದಲು ಬರೆದದ್ದು ಪೊಲೀಸ್. ನಮ್ಮಲ್ಲಿ ವಿಪತ್ತು ನಿರ್ವಹಣಾ ಕಾಯ್ದೆಯ 2025ರ ತಿದ್ದುಪಡಿ ಏನು ಮಾಡಿತು ನೋಡಿ: ಮಾನವ ನಿರ್ಮಿತ ಕಾರಣದ ವಿಪತ್ತು ಎಂದರೆ ಅದರಲ್ಲಿ ಕಾನೂನು ಸುವ್ಯವಸ್ಥೆಯ ಪ್ರಕರಣಗಳು ಸೇರುವುದಿಲ್ಲ ಎಂದು ಬರೆದು ಬೇಲಿ ಹಾಕಿತು. ಗಲಭೆಯಲ್ಲಿ ಮನೆ ಸುಟ್ಟವನೂ ಬೆಂಕಿ ಅವಘಡದಲ್ಲಿ ಮನೆ ಸುಟ್ಟವನೂ ಮಲಗುವುದು ಒಂದೇ ಶಾಲೆಯ ಜಗಲಿಯಲ್ಲಿ. ಕಡತ ಮಾತ್ರ ಬೇರೆ ಬೇರೆ.

ಯುರೋಪಿನವರದು ಬಹಳ ಚೊಕ್ಕ ಎಂದೂ ಅಲ್ಲ. ಇಂಡೋನೇಷ್ಯಾದ ಅಚೆಹ್ ಎಂಬ ಪ್ರಾಂತ್ಯದ ಕಥೆ ನನಗೆ ಇಷ್ಟ. ಸುನಾಮಿ ಬಂದು ನೆಲಸಮವಾದ ಊರುಗಳು, ಅದಕ್ಕೂ ಮೊದಲೇ ಸುಮಾರು ಮೂರು ದಶಕದ ಬಂಡಾಯ. 2005ರ ಆಗಸ್ಟ್ 15ರಂದು, ಫಿನ್ಲೆಂಡಿನ ಮಾಜಿ ಅಧ್ಯಕ್ಷ ಮಾರ್ಟಿ ಅಹ್ತಿಸಾರಿ ಮಧ್ಯಸ್ಥಿಕೆಯಲ್ಲಿ ಹೆಲ್ಸಿಂಕಿಯಲ್ಲಿ ಒಪ್ಪಂದವಾಯಿತು. ಬಂಡುಕೋರರು 840 ಆಯುಧ ಒಪ್ಪಿಸಬೇಕು ಎಂದು ಕರಾರು. ಐರೋಪ್ಯ ಒಕ್ಕೂಟ ಮತ್ತು ಆಸಿಯಾನ್ ದೇಶಗಳ ಮೇಲ್ವಿಚಾರಕರು ಬರಿಗೈಯಲ್ಲಿ ಹೋಗಿ ಕೂತು, ತಂದ ಆಯುಧಗಳನ್ನು ಒಂದೊಂದಾಗಿ ನೋಡಿ, ಕತ್ತರಿಸಿ ಹಾಕಿದರು. ತಂದದ್ದು ಸಾವಿರಕ್ಕೂ ಮೇಲೆ, ಒಂದಷ್ಟು ಪಡಪೋಶಿ ಎಂದು ತಿರಸ್ಕೃತ. ಕೊನೆಗೆ ಲೆಕ್ಕಕ್ಕೆ ಹಿಡಿದದ್ದು ಸರಿಯಾಗಿ 840. ಸರ್ಕಾರಿ ಲೆಕ್ಕ ಎಲ್ಲ ದೇಶದಲ್ಲೂ ಕೊನೆಗೆ ಕೂಡಿಬರುತ್ತದೆ! ಆದರೆ ಆ ಕೆಲಸ ನಡೆಯಿತು ಎಂಬುದು ದೊಡ್ಡ ಮಾತು. ಬಂದೂಕಿಲ್ಲದವರು ಹೋಗಿ ಬಂದೂಕು ಎಣಿಸಿದರು, ಊರು ಸುಮ್ಮನಾಯಿತು.

*

ನೆರವಿನ ದರಪಟ್ಟಿ. ರಾಜ್ಯ ವಿಪತ್ತು ಸ್ಪಂದನಾ ನಿಧಿಯಿಂದ ಯಾವುದಕ್ಕೆ ಎಷ್ಟು ಕೊಡಬಹುದೆಂದು ಕೇಂದ್ರ ಗೃಹ ಸಚಿವಾಲಯ 2022ರಲ್ಲಿ, 2026ರವರೆಗೆ ಅನ್ವಯವಾಗುವಂತೆ ಹೊರಡಿಸಿದ್ದು. ಇದನ್ನು ನಾನು ಕಾದಂಬರಿಯ ಹಾಗೆ ಓದಿದೆ.

ಸತ್ತರೆ 4 ಲಕ್ಷ. ಕೈಕಾಲು ಅಥವಾ ಕಣ್ಣು ಹೋಗಿ ಅಂಗವೈಕಲ್ಯ ಶೇ. 40ರಿಂದ 60 ಆದರೆ 74,000, ಅದಕ್ಕೂ ಮೇಲಾದರೆ 2.5 ಲಕ್ಷ. ಪೆಟ್ಟಾಗಿ ಆಸ್ಪತ್ರೆಯಲ್ಲಿ ವಾರಕ್ಕಿಂತ ಹೆಚ್ಚು ಮಲಗಿದರೆ 16,000, ವಾರದೊಳಗೆ ಎದ್ದುಬಂದರೆ 5,400. ಹಸು ಎಮ್ಮೆಗೆ 37,500. ಕುರಿ, ಮೇಕೆ, ಹಂದಿಗೆ 4,000. ಎತ್ತಿಗೆ 32,000, ಕರುವಿಗೆ ಮತ್ತು ಕತ್ತೆಗೆ 20,000. ಕೋಳಿಗೆ ತಲಾ 100, ಆದರೆ ಒಂದು ಮನೆಗೆ 10,000 ದಾಟುವಂತಿಲ್ಲ. ಎಂದರೆ ನೂರಾ ಒಂದನೇ ಕೋಳಿ ಸತ್ತರೆ ಅದು ಸರ್ಕಾರದ ಲೆಕ್ಕದಲ್ಲಿ ಸತ್ತಂತಲ್ಲ.

ಮನೆ ಪೂರ್ತಿ ಬಿದ್ದರೆ ಬಯಲುಸೀಮೆಯಲ್ಲಿ 1,20,000, ಗುಡ್ಡಗಾಡಿನಲ್ಲಿ 1,30,000. ಬಟ್ಟೆಬರೆಗೆ ಒಂದು ಕುಟುಂಬಕ್ಕೆ 2,500, ಪಾತ್ರೆಪಗಡಕ್ಕೆ ಮತ್ತೆ 2,500. ಕುಟುಂಬದಲ್ಲಿ ಎಷ್ಟು ಜನ ಎಂದು ದರಪಟ್ಟಿ ಕೇಳುವುದಿಲ್ಲ. ಸೊಸೆ ಬಸುರಿಯೇ, ಮಕ್ಕಳ ಪಠ್ಯಪುಸ್ತಕ ತೊಯ್ದವೇ, ಮುದುಕನ ರಕ್ತದೊತ್ತಡದ ಮಾತ್ರೆ ನೀರಲ್ಲಿ ಹೋಯಿತೇ ಎಂದೂ ಕೇಳುವುದಿಲ್ಲ. ಕೇಳಲು ಅಂಕಣ ಬೇಕಲ್ಲ.

ಬೆಳೆ: ಶೇ. 33 ಅಥವಾ ಅದಕ್ಕಿಂತ ಹೆಚ್ಚು ಹಾಳಾಗಿರಬೇಕು. ಮಳೆಯಾಶ್ರಿತ ಹೆಕ್ಟೇರಿಗೆ 8,500, ನೀರಾವರಿಗೆ 17,000, ಬಹುವಾರ್ಷಿಕ ಬೆಳೆಗೆ 22,500. ಎರಡು ಹೆಕ್ಟೇರಿನಾಚೆ ಇಲ್ಲ. 2015ಕ್ಕೆ ಮೊದಲು ಶೇ. 50 ಹಾಳಾಗಬೇಕಿತ್ತು. ಇಳಿಸಿದ್ದು ಒಳ್ಳೆಯದೇ. ಆದರೆ ಬೆಳೆದು ನಿಂತ ಜೋಳದ ಹೊಲದ ಬದುವಿನಲ್ಲಿ ನಿಂತು, ಇದು ಮೂವತ್ತೆರಡು, ಅದು ಮೂವತ್ನಾಲ್ಕು ಎಂದು ಹೇಳುವ ಕಣ್ಣು ಯಾವ ತರಬೇತಿಯಲ್ಲಿ ಸಿಗುತ್ತದೋ.

ಕೊಂಕಷ್ಟೇ ಮಾಡಿದರೆ ಅನ್ಯಾಯ. ದರಪಟ್ಟಿ ಇಲ್ಲದಿದ್ದರೆ ನೆರವು ಎಂಬುದು ಸಾಹೇಬರ ದಯೆಯಾಗುತ್ತಿತ್ತು, ಶಾಸಕರ ಹಿಂಬಾಲಕರಿಗೆ ಮಾತ್ರ ಸಿಗುತ್ತಿತ್ತು. ರೂಪಾಯಿ ಬರೆದಿರುವುದರಿಂದಲೇ ಬಡವ ಅದನ್ನು ಹಕ್ಕಿನಂತೆ ಕೇಳಬಹುದು. 2019ರ ಪ್ರವಾಹದಲ್ಲಿ ಕರ್ನಾಟಕ ತನ್ನ ಬೊಕ್ಕಸದಿಂದ ಸೇರಿಸಿ ಪೂರ್ತಿ ಬಿದ್ದ ಮನೆಗೆ 5 ಲಕ್ಷದವರೆಗೆ ಕೊಟ್ಟಿತು, ತುರ್ತಿಗೆ ಕುಟುಂಬಕ್ಕೆ 10,000. ಆಮೇಲೆ ಮನೆ ಹಾನಿಯ ಎ, ಬಿ, ಸಿ ವರ್ಗೀಕರಣದ ಜಗಳ. ಒಂದೇ ಗೋಡೆ ಹಂಚಿಕೊಂಡ ಎರಡು ಮನೆಗಳಲ್ಲಿ ಒಂದು ಎ, ಒಂದು ಸಿ ಆದರೆ ಆ ಬೀದಿಯಲ್ಲಿ ಮುಂದಿನ ಹತ್ತು ವರ್ಷ ಯುಗಾದಿ ಬೇವುಬೆಲ್ಲ ಆಚೆಈಚೆ ಹೋಗುವುದಿಲ್ಲ. ಏಳರಲ್ಲಿ ಒಂದಾದ ಸಮುದಾಯ ಭದ್ರತೆ ಅಂದರೆ ಇದೇ ಇರಬೇಕು ಎಂದೆ. "ಅದನ್ನು ಬರೆದರೆ ಮಾರ್ಕ್ಸ್ ಬರಲ್ಲ ಮಾವ" ಅಂದಳು.

*

ಬೆಳೆ ಪರಿಹಾರ ಹೋಗುವುದು ಪಹಣಿಯಲ್ಲಿ ಹೆಸರಿದ್ದವರಿಗೆ. ಪರಿಹಾರ ತಂತ್ರಾಂಶ, ರೈತರ ನೋಂದಣಿಯ ಫ್ರೂಟ್ಸ್ ಗುರುತಿನ ಸಂಖ್ಯೆ, ಆಧಾರ್ ಜೋಡಿಸಿದ ಖಾತೆ. ಹಣ ನೇರ ಖಾತೆಗೆ, ಮಧ್ಯದಲ್ಲಿ ಯಾರ ಕೈಯೂ ಇಲ್ಲ. ಇದು ದೊಡ್ಡ ಸುಧಾರಣೆ, ಒಪ್ಪಲೇಬೇಕು.

ಆದರೆ ನೆಲವನ್ನು ವರ್ಷಕ್ಕಿಷ್ಟು ಎಂದು ಬಾಯಿಮಾತಿಗೆ ಮಾಡಿಕೊಂಡು, ಸಾಲ ತಂದು ಬೀಜ ಗೊಬ್ಬರ ಹಾಕಿದವನ ಹೆಸರು ಯಾವ ಪಹಣಿಯಲ್ಲಿದೆ? 1974ರ ಭೂಸುಧಾರಣೆ ಕರ್ನಾಟಕದಲ್ಲಿ ಗೇಣಿಯನ್ನೇ ಕಿತ್ತುಹಾಕಿತು. ಅದು ಈ ರಾಜ್ಯ ಮಾಡಿದ ಅತ್ಯುತ್ತಮ ಕೆಲಸಗಳಲ್ಲೊಂದು ಎಂದೇ ನನ್ನ ಅಭಿಪ್ರಾಯ. ಅದರ ಅಡ್ಡಪರಿಣಾಮ ಇದು: ಗೇಣಿ ಕಾನೂನಿನಲ್ಲಿ ಇಲ್ಲ, ಆದ್ದರಿಂದ ಗೇಣಿದಾರನೂ ಇಲ್ಲ. ಬೆಳೆ ಕೊಚ್ಚಿಹೋದದ್ದು ಅವನದು, ಪರಿಹಾರ ಬೆಂಗಳೂರಲ್ಲಿರುವ ಹೊಲದ ಯಜಮಾನನ ಮೊಬೈಲಿಗೆ ಟಿಂಗ್ ಎನ್ನುತ್ತದೆ. ಕೊಡಗಿನ ಲೈನ್ ಮನೆಗಳಲ್ಲಿರುವ ತೋಟದ ಕೂಲಿಯವರದೂ ಇದೇ ಪಾಡು. ಮನೆ ತೋಟದ್ದು, ಕೆಸರು ಅವರ ಪಾಲಿನದು.

*

ತಾಲ್ಲೂಕು ಕಚೇರಿಯ ಅಂಗಳದಲ್ಲಿ ಅಣಕು ಪ್ರದರ್ಶನ. ಊರಿನ ಹೆಸರು ಬೇಡ.

ಕಟ್ಟಡಕ್ಕೆ ಬೆಂಕಿ ಬಿದ್ದಿದೆ ಎಂದು ಕಲ್ಪನೆ. ಹೊಗೆಗೆ ಹಸಿ ಹುಲ್ಲು, ಹಳೇ ಟೈರು. ಹಾಸ್ಟೆಲಿನ ಹುಡುಗನೊಬ್ಬನ ಹಣೆಗೆ ಕುಂಕುಮ ಕಲಸಿದ ನೀರು ಬಳಿದು ಸ್ಟ್ರೆಚರ್ ಮೇಲೆ ಮಲಗಿಸಿದ್ದಾರೆ. ಗಾಯಾಳುವಿಗೆ ನಗು ತಡೆಯಲಾಗುತ್ತಿಲ್ಲ. ಅಗ್ನಿಶಾಮಕದವರು ಮಾತ್ರ ಚುರುಕು. ಏಣಿ, ಹಗ್ಗ, ನೀರಿನ ಪೈಪು ಎಲ್ಲ ಕ್ಷಣದಲ್ಲಿ ಬಿಚ್ಚಿದರು, ನೋಡಲು ಚೆಂದ. ಮುಖ್ಯ ಅತಿಥಿಗಳು ತಡವಾದದ್ದರಿಂದ ಬೆಂಕಿಯನ್ನು ಆರಿಸಿ ಮತ್ತೆ ಹಚ್ಚಬೇಕಾಯಿತು.

ಪ್ರದರ್ಶನಕ್ಕಾಗಿ ಅಂದು ಮಧ್ಯಾಹ್ನದವರೆಗೆ ಕೌಂಟರುಗಳು ಬಂದ್. ಮೆಟ್ಟಿಲ ಮೇಲೆ ಕೂತಿದ್ದ ಅರ್ಜಿದಾರರನ್ನು ಹೋಮ್‌ಗಾರ್ಡ್ ಎಬ್ಬಿಸಿ ಬೇವಿನಮರದ ಕೆಳಗೆ ಕಳಿಸಿದ. ಅವರಲ್ಲೊಬ್ಬ ಮುದುಕ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಪಾಸ್‌ಬುಕ್ಕು. ಸಂಧ್ಯಾ ಸುರಕ್ಷಾ ಪಿಂಚಣಿ, ತಿಂಗಳಿಗೆ 1,200 ರೂಪಾಯಿ. ಮೂರು ತಿಂಗಳಿಂದ ನಿಂತಿದೆ. ಬೆರಳಚ್ಚು ಕೂರುತ್ತಿಲ್ಲವಂತೆ. ಕಲ್ಲು ಹೊತ್ತ ಬೆರಳು, ರೇಖೆ ಎಲ್ಲಿ ಉಳಿದಿರುತ್ತದೆ?

"ಬೆಂಕಿ ಎಲ್ಲೈತ್ರಿ?" ಅಂತ ನನ್ನನ್ನು ಕೇಳಿದ.

"ಸುಮ್ನೆ ಮಾಡ್ತಾ ಇದಾರಜ್ಜ, ಕಲಿಯಾಕೆ" ಅಂದೆ.

"ಕಲೀಲಿ ಬಿಡ್ರಿ" ಅಂದ. ಅದರಲ್ಲಿ ವ್ಯಂಗ್ಯವೇನೂ ಇರಲಿಲ್ಲ. ಸಂಜೆ ಬಸ್ಸಿಗೆ ಹೊತ್ತಾಗುತ್ತದೆಂದು ಎರಡು ಗಂಟೆಗೆ ಎದ್ದುಹೋದ.

ಅಣಕು ಪ್ರದರ್ಶನ ಬೇಡವೆನ್ನುವಷ್ಟು ದಡ್ಡತನ ನನಗಿಲ್ಲ. ಬೆಂಕಿ ಬೀಳುತ್ತದೆ, ಬಿದ್ದಾಗ ಏಣಿ ಎಲ್ಲಿದೆಯೆಂದು ಹುಡುಕಬಾರದು. ಆದರೆ ಪಿಂಚಣಿ ನಿಂತ ಮುದುಕ ಮೂರು ತಿಂಗಳು ಏನು ತಿಂದ ಎಂಬುದಕ್ಕೂ ಒಂದು ಸೈರನ್ ಇರಬೇಡವೆ?

*

ಪಟ್ಟಿಯ ಮಹಿಮೆ. ಚಂಡಮಾರುತ, ಬರ, ಭೂಕಂಪ, ಬೆಂಕಿ, ಪ್ರವಾಹ, ಸುನಾಮಿ, ಆಲಿಕಲ್ಲು, ಭೂಕುಸಿತ, ಹಿಮಕುಸಿತ, ಮೇಘಸ್ಫೋಟ, ಕೀಟಬಾಧೆ, ಶೀತಗಾಳಿ: 2022ರ ಕೇಂದ್ರದ ಪಟ್ಟಿ ಇದು. ಸಿಡಿಲು ಇಲ್ಲ, ಬಿಸಿಗಾಳಿ ಇಲ್ಲ. ಅದೇ 2022ರಲ್ಲಿ ದೇಶದಲ್ಲಿ ಸಿಡಿಲಿಗೆ ಸತ್ತವರು 2,800ಕ್ಕೂ ಹೆಚ್ಚು. ಪ್ರವಾಹಕ್ಕಿಂತ ಹೆಚ್ಚು ಜನರನ್ನು ತೆಗೆದುಕೊಂಡ ಸಿಡಿಲಿಗೆ ಆ ರಾಷ್ಟ್ರೀಯ ಪಟ್ಟಿಯಲ್ಲಿ ಜಾಗವಿರಲಿಲ್ಲ, ಹಿಮಕುಸಿತಕ್ಕೆ ಇತ್ತು. ರಾಜ್ಯಗಳು ನಿಧಿಯ ಹತ್ತನೇ ಒಂದು ಪಾಲನ್ನು ತಮ್ಮದೇ ಆದ ವಿಪತ್ತುಗಳಿಗೆ ಬಳಸಬಹುದು. ಆ ದಾರಿಯಲ್ಲಿ ಒಡಿಶಾ 2015ರಲ್ಲಿ ಸಿಡಿಲನ್ನು ಸೇರಿಸಿಕೊಂಡಿತು. ಕೇರಳ 2024ರಲ್ಲಿ ಕಾಡುಪ್ರಾಣಿಗಳ ಹಾವಳಿಯನ್ನೇ ವಿಪತ್ತೆಂದು ಸಾರಿತು. ಆನೆ ಸಕಲೇಶಪುರದ ಗಡಿ, ವಯನಾಡಿನ ಗಡಿ ಎಂದು ನೋಡಿ ನಡೆಯುವುದಿಲ್ಲ, ಅದರ ದಾಳಿ ವಿಪತ್ತೋ ಅಲ್ಲವೋ ಎಂಬುದು ಮಾತ್ರ ರಾಜ್ಯದ ಗಡಿಯನ್ನು ನೋಡಿಕೊಂಡು ತೀರ್ಮಾನವಾಗುತ್ತದೆ.

ಕೋವಿಡ್‌ದು ಇನ್ನೂ ವಿಚಿತ್ರ. 2020ರ ಮಾರ್ಚ್ 14ರಂದು ಕೇಂದ್ರ ಅದನ್ನು ಅಧಿಸೂಚಿತ ವಿಪತ್ತೆಂದು ಪರಿಗಣಿಸಿ ರಾಜ್ಯಗಳಿಗೆ ಪತ್ರ ಬರೆಯಿತು, ಸತ್ತವರ ಮನೆಗೆ 4 ಲಕ್ಷ ಎಂದಿತ್ತು. ಅದೇ ದಿನ ಇನ್ನೊಂದು ಪತ್ರ. ಅದರಲ್ಲಿ 4 ಲಕ್ಷದ ಸಾಲು ಮಾಯ. ಹತ್ತು ದಿನ ಕಳೆದು, ಇದೇ 2005ರ ಕಾಯ್ದೆಯ ಅಧಿಕಾರದಲ್ಲಿ ಇಡೀ ದೇಶಕ್ಕೆ ಬೀಗ. ಎಂದರೆ ಬಾಗಿಲು ಮುಚ್ಚಿಸುವುದಕ್ಕೆ ಅದು ವಿಪತ್ತು, ಪರಿಹಾರಕ್ಕೆ ಅಲ್ಲ. 2021ರ ಜೂನ್ 30ರಂದು ಸುಪ್ರೀಂ ಕೋರ್ಟು, ಮೊತ್ತ ಎಷ್ಟೆಂದು ನೀವೇ ನಿರ್ಧರಿಸಿ, ಆದರೆ ಪರಿಹಾರದ ಮಾರ್ಗಸೂಚಿ ಮಾಡದೆ ಬಿಡುವಂತಿಲ್ಲ ಎಂದಮೇಲೆ 50,000 ಎಂದಾಯಿತು. ಕರ್ನಾಟಕ ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳಿಗೆ 1 ಲಕ್ಷ ಸೇರಿಸಿತು. ಆದರೆ ಬೀಗ ಹಾಕಿದ ಆ ದಿನಗಳಲ್ಲಿ ಗಂಟುಮೂಟೆ ಹೊತ್ತು ಹೆದ್ದಾರಿಯಲ್ಲಿ ನಡೆದವರು ಯಾವ ವಿಪತ್ತಿನ ಸಂತ್ರಸ್ತರು? ರೋಗದವರಲ್ಲ. ಆದೇಶದವರು. ಅವರಿಗೆ ಪಟ್ಟಿಯಲ್ಲಿ ಸಾಲೇ ಇಲ್ಲ.

*

ಹಳೆಯ ಲೆಕ್ಕವೊಂದು ನೆನಪಾಯಿತು. ಧಾತು ಈಶ್ವರ ಸಂವತ್ಸರಗಳ ಬರ, 1876ರಿಂದ 78. ಮೈಸೂರು ಸಂಸ್ಥಾನದಲ್ಲಿ ಸುಮಾರು ಹತ್ತು ಲಕ್ಷ ಜನ, ಐದರಲ್ಲೊಂದು ಪಾಲು, ಅಳಿದರು. ಬ್ರಿಟಿಷ್ ಸರ್ಕಾರದ ಪ್ರತಿನಿಧಿಯಾಗಿ ಬಂದ ರಿಚರ್ಡ್ ಟೆಂಪಲ್, ಪರಿಹಾರ ಕಾಮಗಾರಿಯಲ್ಲಿ ಮೈಮುರಿದು ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ, ಒಂದಾಣೆ ಸಾಕು ಎಂದ. ಮದರಾಸಿನ ಆರೋಗ್ಯಾಧಿಕಾರಿ ಡಾ. ಕಾರ್ನಿಶ್, ಇಷ್ಟರಲ್ಲಿ ದುಡಿಯುವ ದೇಹ ಬದುಕದು ಎಂದು ಅಂಕಿ ಸಮೇತ ಜಗಳ ತೆಗೆದ. ಆಡಳಿತ ಎಣಿಸಿದ್ದು ಕೊಟ್ಟ ಧಾನ್ಯವನ್ನು, ವೈದ್ಯ ಎಣಿಸಿದ್ದು ತಿಂದವನ ತೂಕವನ್ನು. ಸಿಲಬಸ್ಸಿನಲ್ಲಿ ಕಾರ್ನಿಶ್ ಹೆಸರಿಲ್ಲ. ಇರಬೇಕಿತ್ತು.

ಬರದ ಲೆಕ್ಕ ಇಂದಿಗೂ ಸಲೀಸಲ್ಲ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ. ಕೇಂದ್ರದ ನೆರವಿಗೆ ಕರ್ನಾಟಕ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿ, ಹಣ ಬಿಡುಗಡೆಯಾದದ್ದು 2024ರ ಏಪ್ರಿಲಿನಲ್ಲಿ. ಹಿಂಗಾರಿಯೂ ಮುಗಿದು ಬೇಸಿಗೆ ಉರಿಯುತ್ತಿತ್ತು.

*

ಶಿರೂರು, ಅಂಕೋಲಾ ತಾಲ್ಲೂಕು, 2024ರ ಜುಲೈ 16. ಹೆದ್ದಾರಿ 66ರ ಮೇಲೆ ಗುಡ್ಡ ಬಿತ್ತು. ಚಹಾ ಅಂಗಡಿ, ಲಾರಿಗಳು ಮಣ್ಣಡಿ. ಕ್ಯಾಮೆರಾಗಳೆಲ್ಲ ರಸ್ತೆಯ ಕಡೆ ತಿರುಗಿದ್ದವು. ಆದರೆ ಗಂಗಾವಳಿ ನದಿಗೆ ಬಿದ್ದ ಮಣ್ಣಿನ ರಭಸಕ್ಕೆ ಎದ್ದ ಅಲೆ ಆಚೆ ದಡದ ಉಳುವರೆಯ ಮನೆಗಳಿಗೆ ಅಪ್ಪಳಿಸಿತು. ಗುಡ್ಡ ಕಡಿದವರು ಈ ದಡ, ಹೆದ್ದಾರಿ ಈ ದಡ, ಮನೆ ಮುರಿದದ್ದು ಆ ದಡ.

ಗುಡ್ಡ ಕಡಿದ ದಿನ ಯಾವುದು? ಅದಕ್ಕೆ ತಾರೀಖಿಲ್ಲ. ಬಿದ್ದ ದಿನಕ್ಕೆ ಇದೆ. ನಮ್ಮ ಆಡಳಿತದ ಅಧ್ಯಯನವೆಲ್ಲ ಬಿದ್ದ ತಾರೀಖಿನಿಂದ ಮುಂದಕ್ಕೆ ಹೋಗುತ್ತದೆ. ಹಿಂದಕ್ಕೆ ಹೋಗುವ ಕಾಲು ಅದಕ್ಕೆ ಇನ್ನೂ ಬಂದಿಲ್ಲ. ಹದಿನೈದನೇ ಹಣಕಾಸು ಆಯೋಗ ವಿಪತ್ತಿನ ಹಣದಲ್ಲಿ ಶೇ. 20ನ್ನು ತಡೆಗಟ್ಟುವುದಕ್ಕೆ ಮೀಸಲಿಡಿ ಎಂದಿತು. ಉಳಿದ 80ರಲ್ಲಿ ಬಹುಪಾಲು ಆದಮೇಲಿನ ಕೆಲಸಕ್ಕೆ. ಅಷ್ಟಾದರೂ ಆಯಿತಲ್ಲ ಅನ್ನಬೇಕು.

ಮುಂದಕ್ಕೆ ಹೋಗುವಾಗಲೂ ಎಷ್ಟು ದೂರ ಹೋಗುತ್ತದೆ? ಕಾಯ್ದೆಯ 13ನೇ ಕಲಂ, ಭಾರಿ ವಿಪತ್ತಿನಲ್ಲಿ ಸಿಕ್ಕವರ ಸಾಲ ಮರುಪಾವತಿಗೆ ರಿಯಾಯಿತಿ ಶಿಫಾರಸು ಮಾಡಲು ರಾಷ್ಟ್ರೀಯ ಪ್ರಾಧಿಕಾರಕ್ಕೆ ಅವಕಾಶ ಕೊಟ್ಟಿತ್ತು. 2025ರ ತಿದ್ದುಪಡಿ ಅದನ್ನು ತೆಗೆದುಹಾಕಿತು. ವಯನಾಡಿನ ಭೂಕುಸಿತದಲ್ಲಿ ಮನೆ, ಜನ ಕಳೆದುಕೊಂಡವರ ಬ್ಯಾಂಕ್ ಸಾಲದ ಪ್ರಶ್ನೆ ಕೇರಳ ಹೈಕೋರ್ಟಿಗೆ ಹೋದಾಗ ಕೇಂದ್ರ ತೋರಿಸಿದ್ದು ಈ ಖಾಲಿ ಜಾಗವನ್ನೇ. ಮನೆ ಇಲ್ಲ, ಮನೆಗೆ ತಂದ ಸಾಲ ಇದೆ. ಏಳು ಭದ್ರತೆಗಳಲ್ಲಿ ಮೊದಲನೆಯದು ಆರ್ಥಿಕ ಎಂದು ಬರೆದವಳಿಗೆ ಪೂರ್ತಿ ಅಂಕ ಸಿಗುತ್ತದೆ. ಅದನ್ನು ಕಳೆದುಕೊಂಡವನಿಗೆ ನೋಟಿಸು.

*

ನಮ್ಮಲ್ಲಿ ಏನೂ ಇಲ್ಲ ಎಂದಲ್ಲ. ಬರ ನೋಡಿಕೊಳ್ಳಲು 1988ರಲ್ಲೇ ಒಂದು ಘಟಕ ತೆರೆದ ರಾಜ್ಯ ಇದು. ಅದೇ ಬೆಳೆದು ಇಂದು ಯಲಹಂಕದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿದೆ. ಗ್ರಾಮ ಪಂಚಾಯ್ತಿ ಮಟ್ಟದಲ್ಲಿ ಮಳೆಮಾಪಕ ಇಟ್ಟಿದೆ, ಸಿಡಿಲಿನ ಮುನ್ಸೂಚನೆಗೆ ಮೊಬೈಲ್ ಆ್ಯಪ್ ಮಾಡಿದೆ. ಮೈಸೂರಿನ ಆಡಳಿತ ತರಬೇತಿ ಸಂಸ್ಥೆಯಲ್ಲಿ ಅಧಿಕಾರಿಗಳಿಗೆ ವಿಪತ್ತು ನಿರ್ವಹಣೆಯ ಪಾಠ ನಡೆಯುತ್ತದೆ. ಮೇಲಿನ ತುದಿ ಗಟ್ಟಿಯಾಗಿದೆ.

ಕೆಳತುದಿಯಲ್ಲಿ ಗ್ರಾಮ ಆಡಳಿತಾಧಿಕಾರಿ ಇದ್ದಾರೆ. ಬೆಳೆ ಸಮೀಕ್ಷೆ, ಮನೆ ಹಾನಿ, ಪಿಂಚಣಿ, ಪೌತಿ ಖಾತೆ, ಚುನಾವಣೆ ಎಲ್ಲವೂ ಅವರದೇ ಫೋನಿನಲ್ಲಿ. ಕೆಲಸದ ಆ್ಯಪ್‌ಗಳ ಹೊರೆ ತಡೆಯಲಾಗದೆ 2024ರ ಸೆಪ್ಟೆಂಬರಿನಲ್ಲಿ ಅವರು ಮುಷ್ಕರ ಹೂಡಿದರು. ಆಶಾ ಕಾರ್ಯಕರ್ತೆ ಇದ್ದಾರೆ. ಯಾವ ಮನೆಯಲ್ಲಿ ಯಾರು ಎದ್ದು ಓಡಲಾರರು ಎಂಬುದು ಅವರ ಬಾಯಲ್ಲಿದೆ, ಜಿಲ್ಲಾ ಯೋಜನೆಯಲ್ಲಿಲ್ಲ. ಲೈನ್‌ಮನ್ ಇದ್ದಾರೆ, ನೀರಗಂಟಿ ಇದ್ದಾರೆ. ಬಿಕ್ಕಟ್ಟು ನಿರ್ವಹಣೆಯ ಪಠ್ಯಪುಸ್ತಕವನ್ನು ಇವರನ್ನು ಕೂರಿಸಿ ಬರೆಸಬೇಕು ಎಂಬುದು ನನ್ನ ಅಭಿಪ್ರಾಯ. ಜಿಲ್ಲಾಧಿಕಾರಿಗಳು ಮುನ್ನುಡಿ ಬರೆಯಲಿ.

ಓದುಗರಿಗೊಂದು ಮಾತು. 2005ರ ಕಾಯ್ದೆಯ 31ನೇ ಕಲಂ ಪ್ರಕಾರ ಪ್ರತಿ ಜಿಲ್ಲೆಗೂ ಒಂದು ವಿಪತ್ತು ನಿರ್ವಹಣಾ ಯೋಜನೆ ಇರಲೇಬೇಕು, ಅದನ್ನು ವರ್ಷವರ್ಷ ಪರಿಷ್ಕರಿಸಲೇಬೇಕು. ನಿಮ್ಮ ಜಿಲ್ಲೆಯದನ್ನು ಕೇಳಿ ತರಿಸಿಕೊಳ್ಳಿ. ಅದರಲ್ಲಿ ನಿಮ್ಮ ಊರಿನ ಹೆಸರಿದೆಯೇ, ನೆರೆ ಬಂದರೆ ಹೋಗಬೇಕಾದ ಕಾಳಜಿ ಕೇಂದ್ರ ಯಾವ ಶಾಲೆ, ಆ ಶಾಲೆಗೆ ಹೋಗುವ ದಾರಿಯೇ ನೀರಲ್ಲಿ ಮುಳುಗುವುದಿಲ್ಲವೇ ನೋಡಿ. ಕೊನೆಯ ಪುಟಗಳಲ್ಲಿ ದೂರವಾಣಿ ಸಂಖ್ಯೆಗಳಿರುತ್ತವೆ, ಮಳೆಗಾಲಕ್ಕೆ ಮೊದಲು ಒಂದೆರಡಕ್ಕೆ ಕರೆ ಮಾಡಿ. ಯಾರೂ ಎತ್ತದಿದ್ದರೆ ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ, ನಡಾವಳಿ ಪುಸ್ತಕದಲ್ಲಿ ನಿಮ್ಮ ಪ್ರಶ್ನೆ ಬರೆಯುವವರೆಗೆ ಕೂರಬೇಡಿ.